ಕೊಡಗಿನ ಮಳೆಯಲ್ಲಿ ಹಳೇ ಕಬ್ಬಿಣ

ಹಳೇ ಅಡುಗೆ ಸಾಮಾನು ಕೂಡಿಡುವ ಹವ್ಯಾಸಕ್ಕೆ ಕೊಡಗು ಸುಲಭದ ಜಾಗ ಅಲ್ಲ. ಬಯಲುಸೀಮೆಯಲ್ಲಿ ಒಂದು ಕಬ್ಬಿಣದ ಬಾಣಲೆಯನ್ನು ಗೋಡೆಗೆ ನೇತುಹಾಕಿ ವರ್ಷಗಟ್ಟಲೆ ಮರೆತರೂ ಅದಕ್ಕೆ ಅಂಥದ್ದೇನೂ ಆಗುವುದಿಲ್ಲ. ನಮ್ಮಲ್ಲಿ ಜೂನ್‌ನಲ್ಲಿ ನೇತುಹಾಕಿದ್ದನ್ನು ಸೆಪ್ಟೆಂಬರ್‌ನಲ್ಲಿ ಇಳಿಸಿದರೆ ಕೈಗೆಲ್ಲ ಕೆಂಪು ಪುಡಿ. ಮರದ ಹಿಡಿಗೆ ಬಿಳೀ ಬೂಷ್ಟು. ಮಡಿಕೇರಿ, ಭಾಗಮಂಡಲದ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ. ಕಬ್ಬಿಣ ಮಾತ್ರ ಹೇಗೆ ಸುಮ್ಮನಿರುತ್ತದೆ?

ಹಾಗಿದ್ದರೂ ಹಳೇ ಮನೆಗಳಲ್ಲಿ ಮೂರು ತಲೆಮಾರಿನ ಕತ್ತಿ, ಕಾವಲಿ, ಸೌಟುಗಳು ಚೆನ್ನಾಗಿಯೇ ಉಳಿದು ಬಂದಿವೆ. ಇದು ಹೇಗೆ ಸಾಧ್ಯವಾಯಿತು ಅನ್ನುವುದು ನನ್ನನ್ನು ತುಂಬ ದಿನ ಕಾಡಿದ ಪ್ರಶ್ನೆ. ಉತ್ತರ ಒಲೆಯ ಮೇಲೇ ಇತ್ತು. ಹಿಂದೆ ಸೌದೆ ಒಲೆ ಹೆಚ್ಚುಕಮ್ಮಿ ದಿನವಿಡೀ ಉರಿಯುತ್ತಿತ್ತು. ಅದರ ಮೇಲೊಂದು ಅಟ್ಟ. ಮಳೆಗಾಲಕ್ಕೆ ಬೇಕಾದ ಸೌದೆ, ಬಿತ್ತನೆ ಬೀಜ, ಒಣಗಿಸಿದ ಮಾಂಸ, ಬಿದಿರು ಬುಟ್ಟಿ, ದಿನಾ ಬೇಡದ ಪಾತ್ರೆ ಎಲ್ಲ ಆ ಅಟ್ಟದ ಮೇಲೆ ಅಥವಾ ಅದರ ಕೆಳಗೆ. ಬೆಂಕಿಯ ಕಾವಿಗೆ ಅಲ್ಲಿನ ಗಾಳಿ ಒಣಗಿರುತ್ತಿತ್ತು. ಹೊಗೆಯ ಜಿಡ್ಡು ಕಬ್ಬಿಣದ ಮೇಲೆ ತೆಳ್ಳಗೆ ಕೂತು ನೀರು ತಾಗದಂತೆ ತಡೆಯುತ್ತಿತ್ತು. ಯಾರೂ ಸಂರಕ್ಷಣೆ ಅಂತ ಮಾಡಿದ್ದಲ್ಲ. ಮನೆ ಕಟ್ಟಿದ ರೀತಿಯಲ್ಲೇ ಅದು ಸೇರಿಹೋಗಿತ್ತು.

ಗ್ಯಾಸ್ ಬಂತು. ಹೊಗೆ ಹೋಯಿತು. ಅಮ್ಮಂದಿರ ಕಣ್ಣಿಗೆ, ಎದೆಗೆ ಅದು ದೊಡ್ಡ ಉಪಕಾರ. ಅದನ್ನು ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅಟ್ಟದ ಸಾಮಾನಿಗೆ ಕಾವಲು ಹೋಯಿತು. ಈಗ ಅವು ಉಳಿಯಬೇಕಾದರೆ ಮೇಲಿಂದ ಮೇಲೆ ಕೈಗೆ ಬರಬೇಕು. ತೊಳೆದು, ಒರೆಸಿ, ಒಲೆಯ ಮೇಲೆ ಬಿಸಿ ಮಾಡಿ, ಎಣ್ಣೆ ಸವರಿ ಇಡುವ ಕೆಲಸ ವಾರಕ್ಕೊಮ್ಮೆಯಾದರೂ ನಡೆಯಬೇಕು. ಸುಮ್ನೆ ಕೂಡಿಟ್ಟವನ ಮನೆಯಲ್ಲಿ ಆ ಕೆಲಸ ನಡೆಯುವುದಿಲ್ಲ. ಅಡುಗೆ ಮಾಡುವವನ ಮನೆಯಲ್ಲಿ ತಾನಾಗಿಯೇ ನಡೆಯುತ್ತದೆ. ಅದಕ್ಕೇ ನಾನು ಬಳಸಲು ಆಗದ್ದನ್ನು ಕೊಳ್ಳುವುದು ಬಿಟ್ಟೆ. ನನ್ನ ಹತ್ತಿರ ಇರುವುದೆಲ್ಲ ಅಡುಗೆಮನೆಯಲ್ಲೇ ಇದೆ.

ಇಷ್ಟೆಲ್ಲ ಇದ್ದರೂ ಬಂದವರ ಕಣ್ಣು ಮೊದಲು ಹೋಗುವುದು ನಮ್ಮ ನಾಡಿನದ್ದೇ ಅಲ್ಲದ ಒಂದು ಸಾಮಾನಿನ ಮೇಲೆ. ಐಸ್ ಪಿಕ್, ಅಂದರೆ ಐಸ್ ಗಡ್ಡೆ ಒಡೆಯುವ ಉಕ್ಕಿನ ಸೂಜಿ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ಹತ್ತಿರದ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಗೋಣಿಚೀಲ ಹೊಲಿಯುವ ದಬ್ಬಳಗಳ ರಾಶಿಯಲ್ಲಿ ಬಿದ್ದಿತ್ತು. ಕಾಫಿ ನಾಡಿನಲ್ಲಿ ದಬ್ಬಳಕ್ಕೇನು ಬರ, ಪ್ರತಿ ತೋಟದ ಗೋದಾಮಿನಲ್ಲೂ ಒಂದು ಹಿಡಿ ಇರುತ್ತದೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಕೈಗೆ ತೆಗೆದುಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ದಬ್ಬಳದ ತುದಿ ಚಪ್ಪಟೆ, ಹುರಿ ಪೋಣಿಸಲು ಕಣ್ಣು ಇರುತ್ತದೆ. ಐಸ್ ಪಿಕ್ಕಿನ ಕಡ್ಡಿ ಬುಡದಿಂದ ತುದಿಯವರೆಗೂ ದುಂಡಗೆ, ತುದಿ ಮಾತ್ರ ಸೂಜಿಯ ಮೊನೆ, ಕಣ್ಣಿಲ್ಲ. ಹಿಡಿ ದಪ್ಪ, ಅಂಗೈ ತುಂಬುವಂಥದ್ದು. ಕಡ್ಡಿ ಮತ್ತು ಹಿಡಿ ಸೇರುವಲ್ಲಿ ಮರ ಸೀಳದ ಹಾಗೆ ಲೋಹದ ಬಳೆ. ಕೆಲವಕ್ಕೆ ಹಿಡಿಯ ಹಿಂಬದಿಗೂ ಕಬ್ಬಿಣದ ಟೊಪ್ಪಿ ಇರುತ್ತದೆ. ಚುಚ್ಚಿ ಒಡೆದ ತುಂಡನ್ನು ತಿರುಗಿಸಿ ಕುಟ್ಟಿ ಪುಡಿ ಮಾಡಲು ಅದು.

"ಇದು ಯಾವುದಕ್ಕೆ ಅಕ್ಕಾ?" ಅಂತ ಅಂಗಡಿಯ ಹುಡುಗ ಕೇಳಿದ. "ಐಸ್ ಒಡೆಯೋಕೆ" ಅಂದೆ. "ಐಸ್ ಒಡೆಯೋಕೆ ಸುತ್ತಿಗೆ ಸಾಕಲ್ವಾ?" ಅಂದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಐಸ್ ಒಂದು ಕಾಲಕ್ಕೆ ಏನಾಗಿತ್ತು ಅಂತ ಹೇಳಬೇಕಾಗುತ್ತದೆ.

ಫ್ರಿಜ್ ಇಲ್ಲದ ಕಾಲದಲ್ಲಿ ಬಿಸಿ ದೇಶದವರು ತಣ್ಣಗಿನದಕ್ಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಕ್ಬರನ ಕಾಲದಲ್ಲಿ ನೀರನ್ನು ಪೆಟ್ಲುಪ್ಪಿನಲ್ಲಿ (ಮದ್ದಿನ ಪುಡಿಗೆ ಹಾಕುವ ಉಪ್ಪು) ತಣಿಸುತ್ತಿದ್ದರು, ಉತ್ತರದ ಬೆಟ್ಟಗಳಿಂದ ಹಿಮ ಲಾಹೋರಿಗೆ ಬರುತ್ತಿತ್ತು ಎಂದು ಅವನ ಆಸ್ಥಾನದ ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಅಲಹಾಬಾದಿನ ಕಡೆ ಚಳಿಗಾಲದ ರಾತ್ರಿ ನೆಲದ ಗುಂಡಿಗಳಲ್ಲಿ ಹುಲ್ಲು ಹಾಸಿ, ಅದರ ಮೇಲೆ ಚಪ್ಪಟೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಬೆಳಗಿನ ಜಾವ ಮೇಲೆ ಕಟ್ಟಿದ ತೆಳು ಐಸ್ ತೆಗೆಯುತ್ತಿದ್ದರು. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬಾತ ಇದನ್ನು ಇಂಗ್ಲೆಂಡಿನ ರಾಯಲ್ ಸೊಸೈಟಿಗೆ ವಿವರವಾಗಿ ತಿಳಿಸಿದ.

ಆಮೇಲೆ ಬಂದದ್ದು ಅಮೆರಿಕದ ಐಸ್. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಕೆರೆಗಳು ಚಳಿಗೆ ಹೆಪ್ಪುಗಟ್ಟಿದಾಗ ಐಸ್ ಕೊಯ್ಯಿಸಿ ಹಡಗಿಗೆ ತುಂಬುತ್ತಿದ್ದ. 1833ರ ಮೇ ತಿಂಗಳಲ್ಲಿ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಐಸ್ ಹೊತ್ತು ಕಲ್ಕತ್ತೆಗೆ ಹೊರಟಿತು. ಸುತ್ತಲೂ ಮರದ ಹೊಟ್ಟಿನಂಥ ಬಿಸಿ ತಡೆಯುವ ವಸ್ತು ತುಂಬಿದ್ದರು. ನಾಲ್ಕು ತಿಂಗಳ ದಾರಿ. ಎರಡು ಸಲ ಭೂಮಧ್ಯರೇಖೆ ದಾಟಬೇಕು. ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮದ್ರಾಸಿನ ಸಮುದ್ರದಂಡೆಯಲ್ಲಿ 1842ರಲ್ಲಿ ಈ ಐಸ್ ಇಡಲೆಂದೇ ಒಂದು ಕಟ್ಟಡ ಎದ್ದಿತು. ಜನ ಅದನ್ನು ಐಸ್ ಹೌಸ್ ಅಂದರು. 1897ರಲ್ಲಿ ಪಶ್ಚಿಮದಿಂದ ಮರಳಿದ ಸ್ವಾಮಿ ವಿವೇಕಾನಂದರು ಉಳಿದುಕೊಂಡದ್ದು ಅದೇ ಕಟ್ಟಡದಲ್ಲಿ. ಈಗ ಅದು ವಿವೇಕಾನಂದರ್ ಇಲ್ಲಂ, ಅಂದರೆ ವಿವೇಕಾನಂದರ ಮನೆ. ನಮ್ಮೂರಿನವರು ಚೆನ್ನೈಗೆ ಹೋದರೆ ಮರೀನಾ ನೋಡಿ ಬರುತ್ತಾರೆ, ಎದುರಿನ ಆ ಕಟ್ಟಡವನ್ನೂ ಒಮ್ಮೆ ನೋಡಿ ಬನ್ನಿ.

ಇಷ್ಟು ದೂರದಿಂದ ಬಂದ ಗಡ್ಡೆಯನ್ನು ಸುತ್ತಿಗೆಯಲ್ಲಿ ಹೊಡೆದು ಚೂರು ಮಾಡಿದರೆ ಅರ್ಧ ನೆಲಕ್ಕೆ ಹೋಗುತ್ತದೆ. ಪುಡಿಯಾದ ಐಸ್ ಬೇಗ ಕರಗುತ್ತದೆ. ಬೇಕಾದಷ್ಟನ್ನೇ, ಬೇಕಾದ ಅಳತೆಯಲ್ಲಿ ಬೇರ್ಪಡಿಸಲು ಮೊನೆ ಬೇಕು. ಐಸ್ ಗಟ್ಟಿ, ಆದರೆ ಬಾಗುವುದಿಲ್ಲ. ಒಂದು ಸಣ್ಣ ಜಾಗದಲ್ಲಿ ಒತ್ತಡ ಬಿದ್ದರೆ ಅಲ್ಲಿಂದ ಬಿರುಕು ಓಡುತ್ತದೆ. ಒಂದು ಗೆರೆಯುದ್ದಕ್ಕೂ ಸಾಲಾಗಿ ಗುಳಿ ಹಾಕುತ್ತಾ ಹೋದರೆ ಬಿರುಕುಗಳು ಒಂದಕ್ಕೊಂದು ಸೇರಿ ಗಡ್ಡೆ ಆ ಗೆರೆಯಲ್ಲೇ ಸೀಳುತ್ತದೆ. ನಮ್ಮ ಕಲ್ಲು ಒಡೆಯುವವರು ಬಂಡೆಗೆ ಸಾಲಾಗಿ ರಂಧ್ರ ಹಾಕಿ ಸೀಳುವುದೂ ಇದೇ ಲೆಕ್ಕದಲ್ಲಿ. ಆ ಹುಡುಗನಿಗೆ ಇಷ್ಟನ್ನು ಹೇಳಿದೆ. ಬಂಡೆಯ ವಿಷಯ ಬಂದ ಕೂಡಲೇ ಅವನಿಗೆ ಅರ್ಥವಾಯಿತು.

ಅಮೆರಿಕದಲ್ಲಿ ಈ ಪಿಕ್ ಮನೆಮನೆಗೆ ಸೇರಿದ್ದು ಐಸ್ ಪೆಟ್ಟಿಗೆಯ ಜೊತೆಗೆ. ಒಳಗೆ ತಗಡು ಹೊಡೆದ ಮರದ ಬೀರು ಅದು, ಮೇಲಿನ ಖಾನೆಯಲ್ಲಿ ಐಸ್, ಕೆಳಗೆ ಹಾಲು, ಬೆಣ್ಣೆ, ಮಾಂಸ. ಐಸ್ ಮಾರುವವರು ಗಾಡಿಯಲ್ಲಿ ಬಂದು ಗಡ್ಡೆ ಹಾಕಿ ಹೋಗುತ್ತಿದ್ದರು. ಚಳಿಗಾಲದಲ್ಲಿ ಅದೇ ಅಂಗಡಿಯವರು ಕಲ್ಲಿದ್ದಲು ಮಾರುತ್ತಿದ್ದದ್ದೂ ಉಂಟು. ಗಿರಾಕಿಗಳಿಗೆ ಉಡುಗೊರೆಯಾಗಿ ಐಸ್ ಪಿಕ್ ಕೊಡುತ್ತಿದ್ದರು, ಹಿಡಿಯ ಮೇಲೆ ಅಂಗಡಿ ಹೆಸರು, ಮೂರ್ನಾಲ್ಕು ಅಂಕಿಯ ಫೋನ್ ನಂಬರು. ಕೋಕಾ ಕೋಲಾ ಕೂಡ ತನ್ನ ಹೆಸರು ಅಚ್ಚು ಹಾಕಿಸಿ ಹಂಚಿತು. ಇವತ್ತು ಅಲ್ಲಿನ ಸಂಗ್ರಹಕಾರರು ಹುಡುಕುವುದು ಈ ಅಕ್ಷರಗಳನ್ನೇ. ಅಕ್ಷರ ಅಳಿಸಿಹೋಗುತ್ತದೆ ಅಂತ ಅವರು ಅದನ್ನು ಮುಟ್ಟುವುದಿಲ್ಲ. ನಾನು ಆ ದಾರಿ ಹಿಡಿಯಲಿಲ್ಲ. ನನ್ನ ಪಿಕ್ಕಿನ ಹಿಡಿಯಲ್ಲಿದ್ದ ಕೆಂಪು ಬಣ್ಣದ ಗುರುತು ಈಗ ಇನ್ನೂ ಮಾಸಿದೆ. ಉಕ್ಕು ಮಾತ್ರ ಬೆಳ್ಳಗಿದೆ. ನನಗೆ ಉಕ್ಕು ಮುಖ್ಯ.

1927ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ 'ಮಾನಿಟರ್ ಟಾಪ್' ಫ್ರಿಜ್ ಬಂದ ಮೇಲೆ ಅಲ್ಲಿ ಐಸ್ ಗಾಡಿಗಳ ಕಾಲ ಇಳಿಯುತ್ತಾ ಬಂತು. ನಮ್ಮಲ್ಲಿ ಗೋದ್ರೆಜ್ ಕಂಪನಿ 1958ರಲ್ಲಿ ಫ್ರಿಜ್ ತಯಾರಿಸಿದರೂ ಕೊಡಗಿನ ಸಾಧಾರಣ ಮನೆಗೆ ಅದು ಬರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ನಮಗಂತೂ ಐಸ್ ಅಂದರೆ ಇವತ್ತಿಗೂ ಮೊದಲು ನೆನಪಾಗುವುದು ಮೀನು. ಕರಾವಳಿಯಿಂದ ಘಾಟಿ ಹತ್ತಿ ಬರುವ ಬಂಗುಡೆ, ಭೂತಾಯಿ ಎಲ್ಲ ಐಸಿನೊಳಗೇ ಬರುತ್ತವೆ.

ಈಗ ಬಳಕೆಯ ವಿಷಯ. ಬೇಸಿಗೆಯಲ್ಲಿ, ಕೊಡಗಿನಲ್ಲೂ ಈಗ ಬೇಸಿಗೆ ಸಾಕಷ್ಟು ಜೋರಾಗಿದೆ, ನಿಂಬೆ ಶರಬತ್ತಿಗೋ ತಣ್ಣಗಿನ ಕಾಫಿಗೋ ಒಂದೇ ದೊಡ್ಡ ತುಂಡು ಹಾಕಿದರೆ ಚೆನ್ನ. ಸಣ್ಣ ಸಣ್ಣ ತುಂಡುಗಳಿಗಿಂತ ಅದು ನಿಧಾನ ಕರಗುತ್ತದೆ, ಪಾನಕ ನೀರಾಗುವುದಿಲ್ಲ. ಫ್ರಿಜ್ಜಿನ ಟ್ರೇಯಲ್ಲಿ ಕಟ್ಟಿದ ಐಸ್ ನಡುವೆ ಬೆಳ್ಳಗೆ ಮಬ್ಬಾಗಿರುತ್ತದೆ. ನೀರು ಎಲ್ಲ ಕಡೆಯಿಂದ ಒಳಕ್ಕೆ ಕಟ್ಟುತ್ತಾ ಬರುವಾಗ ಅದರಲ್ಲಿದ್ದ ಗಾಳಿ ನಡುವೆ ಸಿಕ್ಕಿಹಾಕಿಕೊಳ್ಳುವುದೇ ಕಾರಣ. ಕನ್ನಡಿಯಂಥ ಐಸ್ ಬೇಕಾದರೆ ದಪ್ಪ ಥರ್ಮಾಕೋಲಿನ ಸಣ್ಣ ಪೆಟ್ಟಿಗೆಯೊಳಗೆ ಒಂದು ಡಬ್ಬಿ ಕೂರಿಸಿ, ನೀರು ತುಂಬಿ, ಮುಚ್ಚಳ ತೆಗೆದು ಫ್ರೀಜರಿನಲ್ಲಿಡಿ. ಚಳಿ ಮೇಲಿಂದ ಮಾತ್ರ ತಾಗುವುದರಿಂದ ನೀರು ಮೇಲಿಂದ ಕೆಳಕ್ಕೆ ಕಟ್ಟುತ್ತದೆ, ಗಾಳಿ ಕೆಳಗೆ ತಳ್ಳಿಹೋಗುತ್ತದೆ. ಪೂರ್ತಿ ಗಟ್ಟಿಯಾಗುವ ಮುಂಚೆ ತೆಗೆದು ಅಡಿಯ ಮಬ್ಬು ಭಾಗ ಬಿಟ್ಟುಬಿಡಿ.

ತೆಗೆದ ಕೂಡಲೇ ಪಿಕ್ ಹಾಕಬೇಡಿ. ಫ್ರೀಜರಿನ ಚಳಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಅಷ್ಟು ತಣ್ಣಗಿರುವಾಗ ಹೊಡೆದರೆ ಗಡ್ಡೆ ಹೇಗೆಂದರೆ ಹಾಗೆ ಛಿದ್ರವಾಗುತ್ತದೆ. ಹೊರಗಿಟ್ಟು ಮೈಮೇಲಿನ ಬಿಳಿ ಹೋಗಿ ನೀರಿನ ಹೊಳಪು ಬರುವ ತನಕ ಕಾಯಿರಿ. ಆಮೇಲೆ ಹೇಳಿದ ಕಡೆ ಒಡೆಯುತ್ತದೆ. ಐಸನ್ನು ಅಂಗೈಯಲ್ಲಿ ಹಿಡಿದು ಚುಚ್ಚುವುದು ಬೇಡವೇ ಬೇಡ. ಕೆಳಗೆ ದಪ್ಪ ಟವೆಲ್ ಹಾಸಿ, ಅದರ ಮೇಲಿಟ್ಟು, ಪಿಕ್ಕನ್ನು ತುದಿಯ ಹತ್ತಿರ ಹಿಡಿದು, ಮೊನೆ ಸ್ವಲ್ಪವೇ ಹೊರಗಿರುವಂತೆ ನೋಡಿಕೊಳ್ಳಿ. ಜಾರಿದರೂ ಆಳಕ್ಕೆ ಹೋಗುವುದಿಲ್ಲ. ತೋಳು ಎತ್ತಿ ಹೊಡೆಯುವ ಅಗತ್ಯ ಇಲ್ಲ, ಮಣಿಕಟ್ಟಿನ ಸಣ್ಣ ಪೆಟ್ಟು ಸಾಕು. ಕೆಲಸ ಮುಗಿದ ಮೇಲೆ ಒರೆಸಿ, ಎಣ್ಣೆ ಬೆರಳಿನಲ್ಲಿ ಒಮ್ಮೆ ಎಳೆದು, ಮೊನೆಗೆ ಬಾಟಲಿಯ ಬಿರಡೆ ಚುಚ್ಚಿಡಿ. ಮೊನೆ ಮೊಂಡಾದರೆ ನಯವಾದ ಸಾಣೆಕಲ್ಲಿನ ಮೇಲೆ ಕಡ್ಡಿಯನ್ನು ತಿರುಗಿಸುತ್ತಾ ಉದ್ದಕ್ಕೆ ಎಳೆಯಬೇಕು. ಕರೆಂಟ್ ಸಾಣೆ ಬೇಡ. ತೆಳು ತುದಿ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ, ನೀಲಿಯಾದ ಉಕ್ಕು ಮೆತ್ತಗಾಗುತ್ತದೆ.

ಐಸ್ ಇಲ್ಲದ ತಿಂಗಳುಗಳಲ್ಲಿ ಇದೇ ಪಿಕ್ ತೆಂಗಿನಕಾಯಿಯ ಕಣ್ಣು ಚುಚ್ಚಿ ನೀರು ತೆಗೆಯಲು ಬರುತ್ತದೆ. ಕಲ್ಲಾದ ಬೆಲ್ಲದ ಅಚ್ಚನ್ನು ಬಿಡಿಸಲೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನಮ್ಮ ಕಾಫಿಗೆ ಬೆಲ್ಲ ಬೇಕೇ ಬೇಕಲ್ಲ, ಹಾಗಾಗಿ ಪಿಕ್ ದಿನಾ ಕೈಗೆ ಬರುತ್ತದೆ, ತುಕ್ಕು ಹಿಡಿಯಲು ಪುರುಸೊತ್ತೇ ಇಲ್ಲ.

ಕಾವಲಿಯ ಕಥೆ ಬೇರೆ. ಅಕ್ಕಿ ರೊಟ್ಟಿ ಬೇಯಿಸುವ ದಪ್ಪ ಕಬ್ಬಿಣದ ಕಾವಲಿ ನನಗೆ ಬಂದದ್ದು ಅತ್ತೆಯಿಂದ. ಅನ್ನ ಮತ್ತು ಅಕ್ಕಿಹಿಟ್ಟು ಸೇರಿಸಿ ನಾದಿ ತಟ್ಟಿದ ರೊಟ್ಟಿಯನ್ನು ಇದರ ಮೇಲೆ ಎರಡೂ ಬದಿ ಬಾಡಿಸಿ, ಆಮೇಲೆ ಕೆಂಡಕ್ಕೆ ಹಿಡಿದರೆ ಉಬ್ಬುತ್ತದೆ. ಹಳೇ ಕಾವಲಿಯ ಕಪ್ಪು ಹೊಳಪು ಎಣ್ಣೆಯಿಂದ ಬಂದದ್ದು. ತೆಳುವಾಗಿ ಸವರಿದ ಎಣ್ಣೆ ಜೋರು ಕಾವಿಗೆ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಪದರದ ಮೇಲೆ ಪದರ. ಇದಕ್ಕೆ ತೆಂಗಿನೆಣ್ಣೆ ಅಷ್ಟು ಒಳ್ಳೆಯದಲ್ಲ, ಅದು ಗಟ್ಟಿ ಪದರ ಕಟ್ಟುವ ಜಾತಿಯ ಎಣ್ಣೆ ಅಲ್ಲ. ದಿನಾ ಬಳಸುವ ಕಾವಲಿಗೆ ನಡೆಯುತ್ತದೆ, ಎತ್ತಿಡುವ ಕಾವಲಿಗೆ ಸವರಿದರೆ ಕೊನೆಗೆ ಕಮಟು ವಾಸನೆ. ನಾನು ಎಳ್ಳೆಣ್ಣೆ ಬಳಸುತ್ತೇನೆ. ಅಗಸೆ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಆದರೆ ಪದರ ದಪ್ಪವಾದರೆ ಹೆಕ್ಕಳಿಕೆಯಾಗಿ ಏಳುತ್ತದೆ. ಮರದ ಹಿಡಿಗಳಿಗೆ ಮಾತ್ರ ಅಗಸೆ ಎಣ್ಣೆಯೇ ಸೈ. ಒಂದು ಸಲ ಸವರಿ, ಹೀರಿಕೊಳ್ಳಲು ಬಿಟ್ಟು, ಉಳಿದದ್ದನ್ನು ಒರೆಸಿಬಿಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಗಿಸಿ.

ತುಕ್ಕು ತುಂಬ ಹಿಡಿದ ಸಾಮಾನಿಗೆ ಏನು ಮಾಡುವುದು ಅಂತ ಹಲವರು ಕೇಳುತ್ತಾರೆ. ತೆಳು ತುಕ್ಕಿಗೆ ಹುಣಸೆಹಣ್ಣು, ತೆಂಗಿನ ನಾರು, ಒಂದಿಷ್ಟು ಬೂದಿ ಸಾಕು. ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಬೇಡಿ. ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ. ದಪ್ಪ ತುಕ್ಕಿಗೆ ಬ್ಯಾಟರಿ ಚಾರ್ಜರ್ ದಾರಿ ಇದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಟ್ಟೆ ಸೋಡಾ ಕರಗಿಸಿದ ನೀರು, ಋಣ ತಂತಿ ಸಾಮಾನಿಗೆ, ಧನ ತಂತಿ ಒಂದು ಬೇಡದ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ತುಕ್ಕು ಸಡಿಲವಾಗಿ ಬಿಡುತ್ತದೆ, ಒಳ್ಳೆ ಕಬ್ಬಿಣ ಹಾಗೇ ಉಳಿಯುತ್ತದೆ. ಆ ಬೇಡದ ತುಂಡು ಸ್ಟೀಲಿನ ಚಮಚವೋ ತಟ್ಟೆಯೋ ಆಗಕೂಡದು. ಸ್ಟೇನ್‌ಲೆಸ್ ಸ್ಟೀಲಿನಿಂದ ಕ್ರೋಮಿಯಂ ವಿಷ ನೀರಿಗೆ ಬರುತ್ತದೆ. ಗಾಳಿಯಾಡುವ ಕಡೆ ಮಾಡಿ, ಹತ್ತಿರ ಬೆಂಕಿ ಬೇಡ, ಏಕೆಂದರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ.

ಹಿತ್ತಾಳೆ, ತಾಮ್ರದ ಪಾತ್ರೆ ತೆಗೆದುಕೊಳ್ಳುವಾಗ ನಾನು ಹೊರಗಿನ ಹೊಳಪು ನೋಡುವುದೇ ಇಲ್ಲ, ಒಳಗಿನ ಕಲಾಯಿ ನೋಡುತ್ತೇನೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಊಟಕ್ಕೆ ಸೇರುತ್ತದೆ. ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಕಾಚಂಪುಳಿ ಬೀಳುವ ನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಆ ಕಪ್ಪು ಹುಳಿ ಹಣ್ಣಿನ ರಸವನ್ನು ಬತ್ತಿಸಿ ಬತ್ತಿಸಿ ಮಾಡಿದ್ದು, ಕೆಲವೇ ಹನಿಯಲ್ಲಿ ಅಷ್ಟು ತೀಕ್ಷ್ಣ. ಕಲಾಯಿ ಹಾಕುವುದನ್ನು ನೋಡುವುದು ನನಗೆ ಇವತ್ತಿಗೂ ಖುಷಿ. ಇದ್ದಲ ಬೆಂಕಿಗೆ ತಿದಿ ಊದಿ ಪಾತ್ರೆ ಕಾಯಿಸುತ್ತಾರೆ. ನವಸಾಗರದ ಪುಡಿ ಎರಚುತ್ತಾರೆ, ಬಿಳೀ ಹೊಗೆ ಎದ್ದು ಲೋಹದ ಮೈ ಸ್ವಚ್ಛವಾಗುತ್ತದೆ. ತವರದ ಕಡ್ಡಿ ಮುಟ್ಟಿಸಿದರೆ ಸಾಕು, ಕರಗಿ ಹರಿಯುತ್ತದೆ. ಹತ್ತಿಯಲ್ಲಿ ಸರಸರನೆ ಒರೆಸಿದಾಗ ಇಡೀ ಒಳಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ತವರ 232 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲಿಡಬಾರದು, ಅದರಲ್ಲಿ ಹುರಿಯಲೂ ಬಾರದು. ಕಲಾಯಿಯವರಿಗೆ ಶುದ್ಧ ತವರವನ್ನೇ ಹಾಕಿ, ಸೀಸ ಬೆರೆಸಿದ್ದು ಬೇಡ ಅಂತ ಬಾಯಿಬಿಟ್ಟು ಹೇಳಿ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಬೀಸುಕಲ್ಲಿನ ವಿಷಯದಲ್ಲಿ ನಾನು ಪಕ್ಷಪಾತಿ. ಹಬೆಯಲ್ಲಿ ಬೇಯಿಸುವ ಕಡಂಬುಟ್ಟಿಗೂ ಪಾಪುಟ್ಟಿಗೂ ಬೇಕಾದದ್ದು ಅಕ್ಕಿ ತರಿ, ಹಿಟ್ಟಲ್ಲ. ಮಿಕ್ಸಿಯ ಬ್ಲೇಡು ಅಕ್ಕಿಯನ್ನು ಹೊಡೆಯುತ್ತದೆ, ಬಿಸಿ ಮಾಡುತ್ತದೆ. ಅರ್ಧ ಪುಡಿ, ಅರ್ಧ ಇಡೀ ಕಾಳು. ಕಲ್ಲು ಅಕ್ಕಿಯನ್ನು ನಿಧಾನ ಮುರಿಯುತ್ತದೆ. ತೊಳೆದು ನೆರಳಲ್ಲಿ ಒಣಗಿಸಿದ ಅಕ್ಕಿಯನ್ನು ಹಿಡಿ ಹಿಡಿಯಾಗಿ ಹಾಕಿ ಬೀಸಿ, ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಿದರೆ ಒಂದೇ ಅಳತೆಯ ತರಿ ಸಿಗುತ್ತದೆ. ಅದನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟಾಗ ಕಡಂಬುಟ್ಟು ಒಳಗೆ ಮೆತ್ತಗಿದ್ದೂ ಕಾಳು ಕಾಳಾಗಿ ನಾಲಿಗೆಗೆ ತಾಗುತ್ತದೆ. ಹಳೇ ಕಲ್ಲು ಕೊಂಡರೆ ಒಳಮೈ ಬೆರಳಿನಿಂದ ಸವರಿ ನೋಡಿ. ನುಣ್ಣಗಿದ್ದರೆ ಉಳಿಯಿಂದ ಮತ್ತೆ ಕಚ್ಚು ಹಾಕಿಸಬೇಕು. ಆಮೇಲೆ ಮೊದಲ ಕೆಲವು ಹಿಡಿ ಅಕ್ಕಿ ಬೀಸಿ ಚೆಲ್ಲಬೇಕು, ಕಲ್ಲಿನ ಪುಡಿ ಅದರ ಜೊತೆ ಹೋಗುತ್ತದೆ.

ಕಾಫಿ ಅರೆಯುವ ಕೈಯಂತ್ರ ತೋಟದ ಮನೆಗಳಲ್ಲಿ ಈಗಲೂ ಅಲ್ಲಲ್ಲಿ ಕಾಣುತ್ತದೆ. ಮೇಜಿನ ಅಂಚಿಗೆ ಬಿಗಿಯುವ ಬೀಡು ಕಬ್ಬಿಣದ್ದು, ಮೇಲೆ ಬಟ್ಟಲು, ಪಕ್ಕದಲ್ಲಿ ತಿರುಗಿಸುವ ಹಿಡಿ. ಲಂಡನ್ನಿನ ಸ್ಪಾಂಗ್ ಕಂಪನಿಯವು ಹೆಸರುವಾಸಿ. ಕೊಳ್ಳುವಾಗ ಬಣ್ಣ ನೋಡಬೇಡಿ. ಒಳಗಿನ ಹಲ್ಲು ಮೊಂಡಾಗಿದೆಯಾ, ಅಂತರ ಹೊಂದಿಸುವ ತಿರುಪು ತಿರುಗುತ್ತದೆಯಾ ನೋಡಿ. ಅಷ್ಟಿದ್ದರೆ ಫಿಲ್ಟರಿಗೆ ಬೇಕಾದ ಪುಡಿ ಬರುತ್ತದೆ.

ಎಲ್ಲ ಸಾಮಾನೂ ನೆಮ್ಮದಿಯಿಂದ ಬಂದದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜರಿದು ಮನೆಗಳು ಹೋದವು. ಮಣ್ಣಿನಡಿಯಿಂದ ಸಿಕ್ಕ ಪಾತ್ರೆಪಗಡಗಳು ಆಮೇಲಿನ ತಿಂಗಳುಗಳಲ್ಲಿ ಗುಜರಿ ಅಂಗಡಿಗಳಲ್ಲಿ ಕಾಣಿಸಿದವು. ಹಿಡಿ ಮುರಿದ ಸೌಟು, ಜಜ್ಜಿದ ಹಂಡೆ, ಅಡಿಯಲ್ಲಿ ಮನೆ ಹೆಸರಿನ ಅಕ್ಷರ ಕೊರೆದ ಚೆಂಬು. ಅಕ್ಷರ ಇರುವ ಯಾವುದನ್ನೂ ನಾನು ಕೊಳ್ಳಲಿಲ್ಲ. ಅಂಗಡಿಯವರಿಗೆ ಹೇಳಿ ಬದಿಗೆ ಇಡಿಸಿ, ಆ ಕಡೆಯ ಪರಿಚಯದವರಿಗೆ ಫೋನ್ ಮಾಡಿದೆ. ಒಂದು ಚೆಂಬು ಅದರ ಮನೆಯವರಿಗೆ ಸಿಕ್ಕಿತು. ಮನೆ ಕಳೆದುಕೊಂಡವರಿಗೆ ಚೆಂಬಿನಿಂದ ಏನಾಗುತ್ತದೆ ಅಂತ ಕೇಳಿದವರಿದ್ದಾರೆ. ಆ ಮನೆಯ ಅಜ್ಜಿ ಅದನ್ನು ಬಾಡಿಗೆ ಮನೆಯ ಒಲೆಯ ಪಕ್ಕ ಇಟ್ಟುಕೊಂಡು ದಿನಾ ನೀರು ಕುಡಿಯುತ್ತಿದ್ದರು. ಹಳೇ ಸಾಮಾನು ಹುಡುಕುವವರಲ್ಲಿ ನನ್ನ ಕೋರಿಕೆ ಇಷ್ಟೇ, ಮನೆ ಹೆಸರು ಕಂಡರೆ ಮೊದಲು ಆ ಮನೆಯವರನ್ನು ಹುಡುಕಿ.

ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಈ ವಿಷಯದಲ್ಲಿ ನನಗೆ ದೊಡ್ಡ ಪಾಠ. ನಾಟಿ ಮುಗಿದಿರುತ್ತದೆ, ಮಳೆಯ ಜೋರು ಇಳಿಯುತ್ತಾ ಬಂದಿರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿ, ಗದ್ದೆಯ ಸಲಕರಣೆ ಎಲ್ಲವನ್ನೂ ಇಳಿಸಿ, ಉಜ್ಜಿ, ತೋಕ್‌ಪೂ ಎಂಬ ಹೂ ಇಟ್ಟು ಪೂಜೆ ಮಾಡುತ್ತಾರೆ. ಊಟಕ್ಕೆ ಕಡಂಬುಟ್ಟು, ಪಂದಿಕರಿ. ಮಳೆಗಾಲ ಕಳೆದ ಮೇಲೆ ಮನೆಯ ಕಬ್ಬಿಣವನ್ನೆಲ್ಲ ಒಂದು ಸಲ ಕೈಗೆತ್ತಿ ನೋಡುವ ದಿನ ಅದು. ನಾನು ಅವತ್ತು ಅಡುಗೆಮನೆಯ ಕಬ್ಬಿಣವನ್ನೂ ಇಳಿಸುತ್ತೇನೆ. ಮೆಟ್ಟುಕತ್ತಿ, ಕಾವಲಿ, ತೆಂಗಿನಕಾಯಿ ತುರಿಯುವ ಮಣೆ, ಐಸ್ ಪಿಕ್ ಎಲ್ಲಕ್ಕೂ ಅವತ್ತು ಎಣ್ಣೆ. ಯಾವ ಹಿಡಿ ಸಡಿಲವಾಗಿದೆ, ಯಾವುದಕ್ಕೆ ಬೂಷ್ಟು ಬಂದಿದೆ ಅಂತ ಅವತ್ತೇ ಗೊತ್ತಾಗುತ್ತದೆ.

ನನ್ನ ಸಂಗ್ರಹ ಈಚೆಗೆ ಚಿಕ್ಕದಾಗುತ್ತಿದೆ. ಬಳಸುತ್ತೇನೆ ಅಂತ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ. ಕಾವಲಿಯನ್ನು ಅತ್ತೆಯೇ ವಾಪಸ್ ಒಯ್ದರು. ನಾನ್‌ಸ್ಟಿಕ್ ತವಾದಲ್ಲಿ ರೊಟ್ಟಿ ಸರಿಯಾಗಿ ಬಾಡುವುದಿಲ್ಲವಂತೆ. ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುವ ಹಳೇ ಮರದ ಮಣೆ, ಹಲಸಿನ ಮರದ್ದು, ಅಡಿಯಲ್ಲಿ ತೂತಿನ ಹಿತ್ತಾಳೆ ಬಿಲ್ಲೆ, ಉದ್ದದ ಹಿಡಿ, ಅದು ಅಕ್ಕನ ಮಗಳ ಜೊತೆ ಬೆಂಗಳೂರಿಗೆ ಹೋಯಿತು. ಅವಳ ಫ್ಲಾಟಿನಲ್ಲಿ ಅದನ್ನು ಇಡಲು ಜಾಗ ಇದೆಯಾ ಅಂತ ಅಕ್ಕನಿಗೆ ಚಿಂತೆ. ನನಗೆ ಇಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಫೋನ್ ಬಂತು.

"ಚಿಕ್ಕಮ್ಮಾ, ಹಿಡಿ ಇಳೀತಾನೇ ಇಲ್ಲ. ಮುರಿದುಬಿಡ್ತೀನೇನೋ ಅಂತ ಭಯ ಆಗ್ತಿದೆ."

"ಉಂಡೆ ಆರಿಸಿದೆಯಾ?"

"ಸ್ವಲ್ಪ ಆರಲಿ ಅಂತ ಬಿಟ್ಟಿದ್ದೆ. ಕೈ ಸುಡುತ್ತೆ ಅಲ್ವಾ?"

"ಆರಿದರೆ ಅದು ಇಳಿಯಲ್ಲ ಮಗಾ. ಎಲ್ಲವನ್ನೂ ಮತ್ತೆ ಹಬೆಗಿಡು. ಒಂದೊಂದೇ ಉಂಡೆ ತೆಗಿ, ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೋ, ಬಿಸಿ ಇರುವಾಗಲೇ ಹಾಕಿ ಒತ್ತು. ಬಿಲ್ಲೆಯನ್ನು ಮೊದಲು ಬಿಸಿನೀರಲ್ಲಿ ಅದ್ದು."